ತಾಂಬೂಲದಲ್ಲಿ ಹೋದ ಘೋರಿ

ನನ್ನ ಗಂಡ ಲಕ್ಷ್ಮೀಕಾಂತ್ ಸಂಗ್ರಹಿಸುವುದು ಗೆದ್ದವರ ನಾಣ್ಯಗಳನ್ನು ಮಾತ್ರ. ಅಪ್ಪ ಬಿಟ್ಟುಹೋದ ಸಿಂಹಾಸನದ ಮೇಲೆ ಕೂತು, ಉಂಡು, ಮಲಗಿದ ರಾಜರಿಗೆ ಇವರ ಆಲ್ಬಮ್‌ನಲ್ಲಿ ಜಾಗವಿಲ್ಲ. ಕುದುರೆ ಹತ್ತಿ ಇನ್ನೊಬ್ಬರ ಊರಿಗೆ ನುಗ್ಗಿರಬೇಕು, ಗೆದ್ದಿರಬೇಕು, ಗೆದ್ದ ಮೇಲೆ ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿರಬೇಕು. ಅಂಥ ಹನ್ನೊಂದು ಜನ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗೆ ತಣ್ಣಗೆ ಮಲಗಿದ್ದರು. ಅಲೆಕ್ಸಾಂಡರ್ ಇದ್ದಾನೆ, ಕನಿಷ್ಕ ಇದ್ದಾನೆ, ರಾಜರಾಜ ಚೋಳ, ತೈಮೂರ್, ಬಾಬರ್, ನಮ್ಮ ಕೃಷ್ಣದೇವರಾಯ ಎಲ್ಲರೂ ಇದ್ದಾರೆ.

ಇಷ್ಟು ಜನ ದಂಡೆತ್ತಿ ಹೋದವರನ್ನು ಸಾಕಿಕೊಂಡಿರುವ ಈ ಮನುಷ್ಯ, ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು ನಿಂತರೆ ಸಾಕು, ಅವರು ಕೇಳುವ ಮೊದಲೇ ಎದ್ದು ಸೀಟು ಬಿಟ್ಟುಕೊಡುತ್ತಾರೆ. ಗುಬ್ಬಿ ಹತ್ತಿರದ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಟೆಕ್ನೀಷಿಯನ್ ಕೆಲಸ. ತರಕಾರಿಯವನು ಕೊಳೆತ ಟೊಮ್ಯಾಟೊ ಹಾಕಿ ಕಳಿಸಿದರೆ ವಾಪಸ್ ಕೊಡಲು ನಾನೇ ಚಪ್ಪಲಿ ಮೆಟ್ಟಬೇಕು. ನಮ್ಮ ಮನೆಯಲ್ಲಿ ಜಗಳ ನನ್ನ ಇಲಾಖೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಗಂಟಲು ನನ್ನದು.

ಆ ಆಲ್ಬಮ್‌ಗೆ ಮೊದಲು ಬಂದವನು ಮಹಮ್ಮದ್ ಘೋರಿ. ಇಪ್ಪತ್ತೆರಡು ವರ್ಷದ ಹಿಂದೆ ಇವರು ನನ್ನನ್ನು ನೋಡಲು ಬಂದಿದ್ದಾಗ, ಹುಡುಗ ಹುಡುಗಿ ಏನಾದರೂ ಮಾತಾಡಿಕೊಳ್ಳಲಿ ಎಂದು ದೊಡ್ಡವರು ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಇವರು ಸಂಬಳದ ಸುದ್ದಿ ಎತ್ತಲಿಲ್ಲ, ಅಡುಗೆ ಬರುತ್ತದಾ ಎಂದು ಕೇಳಲಿಲ್ಲ. ಅಂಗಿಯ ಜೇಬಿನಿಂದ, ಹತ್ತಿಯಲ್ಲಿ ಸುತ್ತಿದ್ದ ಒಂದು ಪುಟ್ಟ ನಾಣ್ಯ ತೆಗೆದು ನನ್ನ ಅಂಗೈ ಮೇಲೆ ಇಟ್ಟರು.

“ಇದು ಘೋರೀದು. ದೆಹಲಿ ಗೆದ್ದೋನು,” ಎಂದರು.

ನೋಡಿದರೆ ಅದರ ಮೇಲೆ ಲಕ್ಷ್ಮಿ! ಚುಕ್ಕಿ ಚುಕ್ಕಿ ಮುಖ, ನಾಲ್ಕು ಕೈ, ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ತಿರುಗಿಸಿದರೆ ನಾಗರಿ ಅಕ್ಷರದಲ್ಲಿ ‘ಶ್ರೀ ಮಹಮದ ಬಿನಿ ಸಾಮ’ ಎಂದಿದೆ, ಅಂದರೆ ಸಾಮನ ಮಗ ಮಹಮದ. ಬಂಗಾರವೇ, ಆದರೆ ಬೇರೆ ಲೋಹ ಬೆರೆತು ಪೇಲವವಾದ ಬಂಗಾರ. ಗೊತ್ತಿಲ್ಲದವರು ಹಿತ್ತಾಳೆ ಅನ್ನಬೇಕು.

“ಘೋರಿ ನಾಣ್ಯದಲ್ಲಿ ಲಕ್ಷ್ಮಿಗೇನ್ ಕೆಲ್ಸ?” ಎಂದೆ.

“ಸಂತೇಲಿ ಜನ ಈಸ್ಕೋಬೇಕಲ್ಲ. ಅವ್ನ ಕತ್ತಿ ನೋಡಿ ಕೋಟೆಯೋರು ಬಾಗ್ಲು ತೆಗುದ್ರು. ಸೊಪ್ಪು ಮಾರೋಳು ತೆಗೀಲಿಲ್ಲ. ಲಕ್ಷ್ಮಿ ಇದ್ರೇನೇ ಕಾಸು ಅಂದ್ಳು. ಇವ್ನು ಸುಮ್ನೆ ಹಾಕ್ಸ್ದ.”

ಅಷ್ಟು ಹೇಳಿ ಕರ್ಚೀಫು ತೆಗೆದು ಹಣೆಯ ಬೆವರು ಒರೆಸಿಕೊಂಡರು. ಆ ಸೊಪ್ಪು ಮಾರುವವಳ ಕಥೆ ಇವರೇ ಕಟ್ಟಿದ್ದೆಂದು ನನಗೆ ಆಗಲೇ ಗೊತ್ತಾಯಿತು. ಆದರೂ ಆ ಹಿತ್ತಲಲ್ಲೇ ಈ ಮನುಷ್ಯ ನನಗೆ ಇಷ್ಟವಾಗಿಬಿಟ್ಟರು. ಇದನ್ನು ನಾನು ಇವರಿಗೆ ಯಾವತ್ತೂ ಹೇಳಿರಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ ಎಂದು. ಅಂಥ ನಾಣ್ಯವನ್ನು ನಾನು ನನ್ನ ಕೈಯಾರೆ ಕಳೆದೆ.

ಆಗಿದ್ದು ಹೀಗೆ. ಈ ಸಲದ ವರಮಹಾಲಕ್ಷ್ಮಿ ಹಬ್ಬದ ದಿನ ಇವರಿಗೆ ಡ್ಯೂಟಿ. ಬೆಳಿಗ್ಗೆ ಕಳಶ ಕೂರಿಸುವಾಗ ನನಗೊಂದು ಯೋಚನೆ ಬಂತು. ಮನೆಯಲ್ಲೇ ಎಂಟುನೂರು ವರ್ಷದ ಲಕ್ಷ್ಮಿ ಬೀರುವಿನೊಳಗೆ ಕತ್ತಲಲ್ಲಿ ಇರುವಾಗ ಅವಳಿಗೂ ಒಂದು ಪೂಜೆ ಬೇಡವೇ? ತೆಗೆದೆ. ನಾಣ್ಯ ತೊಳೆಯಬಾರದು, ಒರೆಸಲೂಬಾರದು ಎಂದು ಇವರು ಸಾವಿರ ಸಲ ಹೇಳಿದ್ದಾರೆ. ತೊಳೆಯದ ದೇವರಿಗೆ ಅರಿಶಿನ ಕುಂಕುಮ ಇಡುವುದು ಹೇಗೆ? ದೀಪದ ಕಂಬದ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ. ಕಳಶದ ಮುಂದೆ ಒಂದು ಹಸಿರು ಬ್ಲೌಸ್ ಪೀಸ್ ಹಾಸಿ, ಎರಡು ವೀಳ್ಯದೆಲೆ, ಅಡಿಕೆ, ಅದರ ಮೇಲೆ ಈ ಲಕ್ಷ್ಮಿಯನ್ನಿಟ್ಟೆ.

ಸಾಯಂಕಾಲ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಬಂದರು. ತಾಂಬೂಲವೆಂದರೆ ಎಲ್ಲಕ್ಕೂ ಒಂದೇ ರೂಪ: ಬ್ಲೌಸ್ ಪೀಸ್, ಎರಡು ಎಲೆ, ಅಡಿಕೆ, ಮೇಲೊಂದು ನಾಣ್ಯ. ಕೊಟ್ಟೆ, ಕೊಟ್ಟೆ, ಕೊನೆಗೆ ಎದುರು ಮನೆಯ ಸಂಧ್ಯಾ ಬರುವ ಹೊತ್ತಿಗೆ ಜೋಡಿಸಿಟ್ಟದ್ದು ಮುಗಿದಿತ್ತು. ಮಾತಾಡುತ್ತಲೇ ಕೈಗೆ ಸಿಕ್ಕ ಜೋಡಿ ಎಲೆಯನ್ನು ಬ್ಲೌಸ್ ಪೀಸ್ ಸಮೇತ ಎತ್ತಿ ಕವರ್‌ಗೆ ಹಾಕಿ ಅವಳ ಕೈಗಿಟ್ಟೆ. ದೇವರ ಮುಂದಿನದನ್ನೇ ಎತ್ತಿದ್ದೇನೆ ಎಂದು ಹೊಳೆಯಲೇ ಇಲ್ಲ. ಮರುದಿನ ಕಳಶ ತೆಗೆದು, ಅಕ್ಕಿಯೊಳಗಿನ, ಎಲೆಗಳ ಮೇಲಿನ ಕಾಸುಗಳನ್ನೆಲ್ಲ ನೋಡದೆಯೇ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಕಪಾಟಿನಲ್ಲಿಟ್ಟೆ. ಘೋರಿಯೂ ಅದರಲ್ಲೇ ಇದ್ದಾನೆ, ನಿಧಾನಕ್ಕೆ ಜಾಗಕ್ಕೆ ಸೇರಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಟೆಸ್ಟ್ ಪೇಪರುಗಳು ಬಂದವು, ಮರೆತೆ.

ಮೂರು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಇವರು ಆಲ್ಬಮ್ ತೆಗೆದರು. ಮುಂದಿನ ಭಾನುವಾರ ಊರಿನಲ್ಲಿ ನಾಣ್ಯ ಪ್ರದರ್ಶನ. ಇವರಿಗೆ ಮೊದಲ ಸಲ ಒಂದು ಮೇಜು ಕೊಟ್ಟಿದ್ದರು. ಒಂದು ತಿಂಗಳಿಂದ ಅದೇ ಜಪ.

“ಪ್ರಮೀಳಾ, ಘೋರಿ ಎಲ್ಲಿ?”

“ನನ್ ಹತ್ರ ಅವ್ನೆ, ಕಿರುಚ್ಬೇಡಿ,” ಎಂದು ಗತ್ತಿನಿಂದ ಗಂಟು ಬಿಚ್ಚಿದೆ. ಐದು ಒಂದು ರೂಪಾಯಿಗಳು ಇದ್ದವು, ಅಷ್ಟೇ. ನಿಂತಲ್ಲೇ ಆ ಸಾಯಂಕಾಲವೆಲ್ಲ ಕಣ್ಣ ಮುಂದೆ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಹುಣಸೆಹಣ್ಣೊಂದನ್ನು ಬಿಟ್ಟು.

ಬೈದಿದ್ದರೆ ಎದುರು ಬೈದು ಹಗುರಾಗುತ್ತಿದ್ದೆ. ಇವರು ಬೈಯಲಿಲ್ಲ. ಆಲ್ಬಮ್‌ನ ಮೊದಲ ಹಾಳೆಯ ಖಾಲಿ ಜೇಬಿನ ಮೇಲೆ ಬೆರಳಾಡಿಸುತ್ತ ಕೂತರು. ಮುಂದಿಟ್ಟ ಉಪ್ಪಿಟ್ಟು ಆರಿತು.

“ಅದು ನಿನ್ ಕೈ ಮೇಲಿಟ್ಟಿದ್ದ ನಾಣ್ಯ ಕಣೇ,” ಎಂದರು, ಅಷ್ಟೇ.

ನನಗೆ ಅಳು ಬಂತು. ಅಳು ಬಂದರೆ ನನಗೆ ಕೋಪವೂ ಬರುತ್ತದೆ. “ಎದ್ದೇಳಿ, ಚಪ್ಪಲಿ ಮೆಟ್ಕೊಳ್ಳಿ. ದೆಹಲೀಗೇನ್ ಹೋಗಿಲ್ಲ ಅದು, ಎದುರು ಮನೆಗೆ ಹೋಗಿರೋದು,” ಎಂದೆ.

ಎದುರು ಮನೆಯಲ್ಲಿ ಸಂಧ್ಯಾ ನನ್ನ ಮಾತು ಕೇಳಿ ತುಟಿ ಕಚ್ಚಿಕೊಂಡಳು. ನಮ್ಮ ಶಾಲೆಯಲ್ಲೇ ವಿಜ್ಞಾನದ ಮೇಡಂ. “ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಕವರ್ ಬಿಚ್ಚೇ ಇಲ್ಲ ನಾನು. ಮಾರ್ನೇ ದಿನ ಗುಬ್ಬಿಗೆ ವನಜತ್ತೆ ಮನೆಗೆ ಹೋದೆ. ಹಂಗೇ ಅವರಿಗೆ ಕೊಟ್ಬುಟ್ಟೆ.”

ಇದರಲ್ಲಿ ತಪ್ಪು ತಿಳಿದುಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ತಾಂಬೂಲದ ಬ್ಲೌಸ್ ಪೀಸನ್ನು ಯಾವ ಹೆಂಗಸೂ ಹೊಲಿಸುವುದಿಲ್ಲ. ಅದು ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆ ಹಸಿರು ಪೀಸನ್ನೇ ಹೋದ ವರ್ಷ ಇದೇ ಸಂಧ್ಯಾ ನನಗೆ ಕೊಟ್ಟಿದ್ದು. ಅದರ ಮೂಲೆಯಲ್ಲಿ ಅರಿಶಿನದ ಒಂದು ಕಲೆ ಇತ್ತು, ಗುರುತು ಚೆನ್ನಾಗಿ ನೆನಪಿದೆ.

ಬೈಕ್ ತೆಗೆದು ಗುಬ್ಬಿಗೆ ಹೋದೆವು. ದಾರಿಯಲ್ಲಿ ಇವರ ಬೆನ್ನಿಗೆ ಮುಖ ಮರೆಸಿಕೊಂಡು ಹುಣಸೆಹಣ್ಣಿನ ವಿಷಯವನ್ನೂ ಒಪ್ಪಿಸಿಬಿಟ್ಟೆ. ಬೈಕ್ ಸ್ವಲ್ಪ ಅಲುಗಾಡಿತು.

“ಉಪ್ಪೂ ಹಾಕಿದ್ಯಾ?”

“ಚೂರು.”

“ಬಂಗಾರ ಆಗಿದ್ದಕ್ಕೆ ಉಳ್ಕೊಂಡ ಬುಡು. ತಾಮ್ರದ ರಾಜರಾಜ ಚೋಳನ್ನ ತಿಕ್ಕಿದ್ರೆ ನಾನು ಮಠ ಸೇರ್ತಿದ್ದೆ,” ಎಂದರು. ಅಷ್ಟು ತಮಾಷೆ ಮಾಡಿದ್ದಕ್ಕೆ ನನಗೆ ಜೀವ ಬಂದಂತಾಯಿತು.

ವನಜಮ್ಮ ಗುಬ್ಬಿಯಲ್ಲಿ ಹೈಸ್ಕೂಲ್ ಮೇಡಂ ಆಗಿ ನಿವೃತ್ತರಾದವರು, ಬಾಯಿ ತುಂಬ ಎಲೆ ಅಡಿಕೆ, ಬಾಯಿ ತುಂಬ ಮಾತು. ಕವರ್ ಅವರಿಗೆ ಚೆನ್ನಾಗಿ ನೆನಪಿತ್ತು. “ಎಲೆ ಬಾಡೋಗಿತ್ತು, ಅಡಿಕೆ ನಾನ್ ತಿಂದೆ. ದೇವರ ಬಿಲ್ಲೆ ಒಂದಿತ್ತು, ಹಿತ್ತಾಳೇದು. ಎಲೆ ಬೇರೆ ಹಾಕಿ, ಬಿಲ್ಲೆ ಅಲ್ಲೇ ಇಟ್ಟು ಶಿಲ್ಪಂಗೆ ಕೊಟ್ಟೆ. ನನ್ ಸ್ಟೂಡೆಂಟು, ಕುಣಿಗಲ್ ಕಡೆ ಕೊತ್ತಗೆರೆಗೆ ಕೊಟ್ಟವ್ರೆ. ಅವಳ್ ಗಂಡ ತೆಂಗಿನ್ ಮರದಿಂದ ಬಿದ್ದು ತುಮಕೂರ್ ಆಸ್ಪತ್ರೇಲಿದ್ದ ಆಗ. ನೋಡೋಕ್ ಹೋಗಿದ್ದೆ. ಶ್ರಾವಣ, ಬರಿಗೈಲಿ ಹೆಂಗಮ್ಮ ಹೋಗದು?”

ನಾಣ್ಯದ ವಿಷಯ ಪೂರ್ತಿ ಹೇಳುವ ಧೈರ್ಯ ನಮಗೆ ಬರಲಿಲ್ಲ. ಶಿಲ್ಪಾಳನ್ನು ನೋಡಬೇಕಿತ್ತು ಎಂದೆವು. ಅವರೇ ಫೋನ್ ಮಾಡಿ, ನಮ್ಮ ಕಡೆಯವರು ಬರುತ್ತಾರೆ, ಊಟ ಹಾಕದೆ ಕಳಿಸಬೇಡ ಎಂದು ತಾಕೀತು ಮಾಡಿದರು.

ಕುಣಿಗಲ್ ಕೆರೆ ದಾಟುವ ಹೊತ್ತಿಗೆ ನಾನು ಹೇಳಬೇಕಾದ ಮಾತನ್ನು ಹತ್ತು ಸಲ ಗಿಣಿಪಾಠ ಮಾಡಿದ್ದೆ. ‘ನೋಡಮ್ಮ, ತಪ್ಪಿ ಬಂದಿದೆ, ಅದು ನಮ್ಮನೆಯವರ ಪ್ರಾಣ, ದಯವಿಟ್ಟು ಕೊಟ್ಟುಬಿಡು, ಬದಲಿಗೆ ಏನು ಬೇಕಾದರೂ ಕೊಡುತ್ತೇನೆ.’ ಇವರಿಗೆ ಒಂದೇ ಷರತ್ತು ಹಾಕಿದ್ದೆ: “ನೀವ್ ಬಾಯ್ ಬಿಡ್ಬೇಡಿ. ಕೇಳೋದು ನನಗೆ ಬಿಡಿ.”

ಕೊತ್ತಗೆರೆಯ ಮನೆಯ ಜಗಲಿ ಮೇಲೆ ಶಿಲ್ಪಾಳ ಗಂಡ ಮುತ್ತುರಾಜ್ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ತಲೆಗೆ ಹೊಲಿಗೆ ಹಾಕಿದ ಕಡೆ ಕೂದಲು ಈಗಷ್ಟೇ ಮೊಳೆತಿತ್ತು. ಅವನ ತಾಯಿ ಚಿಕ್ಕಮಾರಮ್ಮ, “ಬನ್ನಿ, ಒಳೀಕ್ ಬನ್ನಿ, ಕುಂತ್ಕಳಿ,” ಎಂದು ಚಾಪೆ ಹಾಸಿದರು. ಶಿಲ್ಪಾ ಕಾಫಿ ತಂದಳು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಲೋಟ ಇಡಲು ಬಗ್ಗಿದಾಗ ಅವಳ ತಾಳಿ ಸೆರಗಿನಿಂದ ಹೊರಗೆ ಜಾರಿತು. ಎರಡು ತಾಳಿಬೊಟ್ಟು, ಎರಡು ಹವಳ, ಮಧ್ಯೆ ನಮ್ಮ ಘೋರಿ.

ನಾಣ್ಯದ ನೆತ್ತಿಗೆ, ದಾರ ಪೋಣಿಸಲು, ಒಂದು ಪುಟ್ಟ ಬಳೆ ಬೆಸೆದಿದ್ದರು. ನಾನು ಇವರ ಮುಖ ನೋಡಿದೆ. ಇವರೂ ಕಂಡಿದ್ದರು, ಕಂಡ ತಕ್ಷಣ ನೆಲ ನೋಡಿದರು. ಪರರ ಹೆಂಡತಿಯ ತಾಳಿಯನ್ನು ಯಾವ ಗಂಡಸು ದಿಟ್ಟಿಸುತ್ತಾನೆ?

ನನಗೆ ನಿಜವಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಬಹುಶಃ ಬೆಸೆದ ಆಚಾರಿಯ ಮೇಲೆ. ಪಾಠ ಮಾಡಿಕೊಂಡು ಬಂದ ಮಾತು ತುದಿ ನಾಲಿಗೆಗೆ ಬಂದಿತ್ತು. “ಇದು ಚೆನ್ನಾಗಿದೆಯಲ್ಲಮ್ಮ, ಎಲ್ಲಿಂದ ಬಂತು?” ಎಂದು ಶುರುಮಾಡಿದೆ.

ಶಿಲ್ಪಾ ನನ್ನ ಪಕ್ಕದಲ್ಲೇ ಕೂತಳು. “ವನಜಮ್ಮ ಮೇಡಮ್ ಕೊಟ್ಟಿದ್ದು ಅಕ್ಕ. ಇವ್ರಿಗೆ ಮೂರ್ ದಿನದಿಂದ ಜ್ಞಾನ ಇರ್ಲಿಲ್ಲ. ನೋಡೋಕ್ ಬಂದೋರೆಲ್ಲ ಬ್ರೆಡ್ಡು, ಹಣ್ಣು ತಂದ್ರು. ನನ್ ಮುಖ ನೋಡೋರು, ಹಣೆ ನೋಡೋರು, ಕೊರಳು ನೋಡೋರು. ಆಗ್ಲೇ ಎಲ್ಲಾ ಮುಗ್ದೋದಂಗೆ. ಮೇಡಮ್ ಬಂದು ನಂಗೆ ಕುಂಕುಮ ಇಟ್ಟು ತಾಂಬೂಲ ಕೊಟ್ರು. ನಾನಿನ್ನೂ ಮುತ್ತೈದೆ ಅಂತ ಒಬ್ರಾದ್ರೂ ಅಂದ್ರಲ್ಲ ಅಂತ ಅತ್ಬುಟ್ಟೆ ಅಕ್ಕ.”

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದುವರಿಸಿದಳು.

“ಬಿಚ್ಚಿ ನೋಡುದ್ರೆ ಅವ್ವ ಕೂತವ್ಳೆ. ತಗುದು ಇವ್ರ ಅಂಗೈಯೊಳಗೆ ಇಟ್ಟೆ. ಬೆಳಿಗ್ಗೆ ನೋಡುದ್ರೆ ಮುಷ್ಟಿ ಬಿಗಿಯಾಗಿ ಹಿಡ್ಕಂಡವ್ರೆ. ಬಿಡಿಸ್ಕೊಳಕ್ ಹೋದ್ರೆ ಕಣ್ ಬುಟ್ರು. ಊರಿಗ್ ಬಂದ್ ತಕ್ಷಣ ಕುಣಿಗಲ್‌ನಾಗೆ ಬಳೆ ಹಾಕ್ಸಿ ತಾಳೀಗೆ ಪೋಣಿಸ್ಕಂಡೆ.”

ಜಗಲಿಯಿಂದ ಮುತ್ತುರಾಜ್ ನಾಚಿಕೊಂಡು, “ಡಾಕ್ಟ್ರು ಔಷಧಿ ಕೊಟ್ಟಿದ್ರು ಕಣಕ್ಕ, ಅದೂ ಕೆಲ್ಸ ಮಾಡೈತೆ,” ಎಂದ. ಚಿಕ್ಕಮಾರಮ್ಮ ಒಳಗಿನಿಂದಲೇ, “ಸುಮ್ನಿರ್ಲಾ, ನಿಂಗೇನ್ ಗೊತ್ತು ಮಲ್ಗಿದ್ದೋನಿಗೆ,” ಎಂದರು.

ನನ್ನ ಗಿಣಿಪಾಠ ಗಂಟಲಲ್ಲೇ ಉಳಿಯಿತು. ಜಗಳ ನನ್ನ ಇಲಾಖೆ ಎಂದೆನಲ್ಲ, ಆ ಇಲಾಖೆ ಅವತ್ತು ಮುಚ್ಚಿಹೋಯಿತು. ಪಕ್ಕದಲ್ಲಿ ಇವರು ಕಾಫಿ ಲೋಟ ನೋಡುತ್ತ, ನನಗೆ ಮಾತ್ರ ಕೇಳುವ ಹಾಗೆ, “ನೀನೊಂದ್ಸಲ ನೋಡು. ಹೆಂಗೈತೆ ಹೇಳು,” ಎಂದರು.

ನಾನು ಶಿಲ್ಪಾಳನ್ನು ಕೇಳಿ ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದೆ. ಅವಳ ಮೈಯ ಬಿಸಿಗೆ ಅದು ಬೆಚ್ಚಗಿತ್ತು. ಇಪ್ಪತ್ತೆರಡು ವರ್ಷ ಯಾವುದನ್ನು ಹಳೇ ಬಿಲ್ಲೆ ಎಂದು ಹಂಗಿಸುತ್ತ ಬಂದಿದ್ದೆನೋ, ಅದನ್ನೇ ಅವತ್ತು ಮಕ್ಕಳಿಗೆ ಪಾಠ ಓದಿ ಹೇಳುವ ಹಾಗೆ ಇವರಿಗೆ ಓದಿ ಹೇಳಿದೆ. “ಮುಖ ಚೆನ್ನಾಗಿದೆ ರೀ. ಚುಕ್ಕಿ ಒಂದೂ ಅಳಿಸಿಲ್ಲ. ನಾಲ್ಕು ಕೈಯೂ ಇದಾವೆ. ಬಳೆ ತಲೆ ಮೇಲೆ ಕೂತಿದೆ, ಕಿರೀಟಕ್ಕೆ ತಾಗಿಲ್ಲ. ತೂತು ಹೊಡ್ದಿಲ್ಲ.”

“ಹಿಂದ್ಗಡೆ?”

“ಶ್ರೀ ಇದೆ. ಮಹಮದ ಇದೆ. ಬಿನಿ ಸಾಮ ಇದೆ. ಎಲ್ಲಾ ಇದೆ.”

ಇವರು ಉಸಿರು ಬಿಟ್ಟರು. ಶಿಲ್ಪಾ ನಮ್ಮಿಬ್ಬರನ್ನೂ ನೋಡಿದಳು. “ಅದು ಏನ್ ಬರ್ದಿರೋದು ಅಕ್ಕ? ಆಚಾರೀನ್ ಕೇಳ್ದೆ, ಮಂತ್ರ ಅಂದ.”

ನಾನು ಏನು ಹೇಳಲಿ ಎಂದು ತಡವರಿಸುವಾಗ ಇವರೇ ಬಾಯಿ ಬಿಟ್ಟರು. “ಮಂತ್ರ ಅಲ್ಲಮ್ಮ. ಹಾಕ್ಸಿದ ರಾಜನ ಹೆಸ್ರು. ಮಹಮ್ಮದ್ ಘೋರಿ ಅಂತ. ದೂರದಿಂದ ದಂಡು ತಗೊಂಡ್ ಬಂದು ದೆಹಲಿ ಗೆದ್ದೋನು.”

ಇದು ಕೇಳಿ ಹುಡುಗಿ ಏನೆಂದುಕೊಳ್ಳುತ್ತಾಳೋ, ಬಿಚ್ಚಿ ಎಸೆಯುತ್ತಾಳೋ! ಅಷ್ಟರಲ್ಲಿ ಚಿಕ್ಕಮಾರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

“ದಿಲ್ಲೀನೇ ಗೆದ್ದೋನಾ?”

“ಹೂಂನಮ್ಮ.”

“ಅಂಥೋನ್ಗೂ ನಮ್ಮವ್ವನ್ನೇ ಹೊತ್ಕಂಡ್ ತಿರುಗ್ಬೇಕಾಯ್ತಾ!” ಎಂದು ಬಾಯಿ ತುಂಬ ನಕ್ಕರು. ಸೊಸೆಯ ಕೊರಳಿನ ನಾಣ್ಯ ನೋಡಿ ಒಮ್ಮೆ ಕೈ ಮುಗಿದು ಒಳಗೆ ಹೋದರು. ಅಲ್ಲಿಗೆ ಆ ಮನೆಯಲ್ಲಿ ಘೋರಿಯ ವಿಚಾರಣೆ ಮುಗಿಯಿತು.

ಆದರೆ ಶಿಲ್ಪಾ ಚುರುಕು ಹುಡುಗಿ. “ಸಾರ್, ಇದನ್ನ ನೀವ್ ನೋಡ್ದೇನೇ ಹೇಳುದ್ರಿ,” ಎಂದಳು. ಅವಳ ಬಲಗೈ ತಾನಾಗಿ ನಾಣ್ಯದ ಮೇಲೆ ಹೋಗಿ ಮುಚ್ಚಿಕೊಂಡಿತು. “ಇದು ನಿಮ್ದಾ?”

ನಾನು ಕಣ್ಣು ಮುಚ್ಚಿಕೊಂಡೆ. ಹೌದು ಎನ್ನುವುದು ನಿಜ. ಹೌದು ಎಂದರೆ ಅವಳು ಬಿಚ್ಚಿ ಕೊಟ್ಟೇ ಕೊಡುತ್ತಾಳೆ, ಅಂಥ ಹುಡುಗಿ. ಅವತ್ತು ಬೆಳಿಗ್ಗೆ ಖಾಲಿ ಜೇಬಿನ ಮೇಲೆ ಆಡುತ್ತಿದ್ದ ಇವರ ಬೆರಳು ನೆನಪಾಯಿತು.

“ನಮ್ದಾಗಿತ್ತು ಕಣಮ್ಮ,” ಎಂದರು ಇವರು. “ನಮ್ಮನೆಯವ್ರು ತಾಂಬೂಲದಲ್ಲಿ ಕೊಟ್ರು. ಯಾರ್ ಕೊರಳಿಗ್ ಹೋಯ್ತು, ಚೆನ್ನಾಗವ್ರಾ ಅಂತ ನೋಡ್ಕೊಂಡ್ ಹೋಗೋಣ ಅಂತ ಬಂದ್ವಿ.”

ತಪ್ಪಿ ಕೊಟ್ಟಳು ಎನ್ನಲಿಲ್ಲ. ನನ್ನ ಪೆದ್ದುತನವನ್ನು ಅಷ್ಟು ಜನರ ಮುಂದೆ ದಾನವನ್ನಾಗಿ ಮಾಡಿಬಿಟ್ಟರು. ಬಸ್ಸಿನಲ್ಲಿ ಕೇಳುವ ಮೊದಲೇ ಸೀಟು ಬಿಡುವ ಮನುಷ್ಯ ಎಂದು ಎಷ್ಟು ಸಲ ಇವರನ್ನು ಮೂದಲಿಸಿದ್ದೇನೆ! ಅವತ್ತು ಆ ಚಾಪೆಯ ಮೇಲೆ, ಈ ಗಂಡನ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯ ಮಂಟಪದಲ್ಲೂ ಬಂದಿರಲಿಲ್ಲ.

ಮುದ್ದೆ, ಅವರೆಕಾಳು ಸಾರು ಉಂಡು ಹೊರಟಾಗ ಚಿಕ್ಕಮಾರಮ್ಮ ನನಗೆ ಕುಂಕುಮ ಇಟ್ಟು, ಎರಡು ತೆಂಗಿನಕಾಯಿ, ಒಂದು ತಾಂಬೂಲದ ಕವರ್ ಕೊಟ್ಟರು. ಊರು ದಾಟಿದ ಮೇಲೆ ಬಿಚ್ಚಿ ನೋಡಿದೆ. ಎಲೆ, ಅಡಿಕೆ, ಒಂದು ರೂಪಾಯಿ, ಕೆಳಗೆ ಹಸಿರು ಬ್ಲೌಸ್ ಪೀಸ್. ಮೂಲೆಯಲ್ಲಿ ಅರಿಶಿನದ ಕಲೆ. ನಾನು ಬೈಕಿನ ಹಿಂದೆ ಕೂತು ಬಿದ್ದು ಬಿದ್ದು ನಕ್ಕೆ, ಇವರು ಗಾಬರಿಯಾಗಿ ಗಾಡಿ ನಿಲ್ಲಿಸಿದರು.

ಮುಂದಿನ ಭಾನುವಾರ ಪ್ರದರ್ಶನಕ್ಕೆ ಆ ಹಸಿರು ಪೀಸಿನ ರವಿಕೆ ಹಾಕಿಕೊಂಡು ಹೋದೆ. ಟೈಲರ್‌ನ ತಲೆ ತಿಂದು ಮೂರು ದಿನದಲ್ಲಿ ಹೊಲಿಸಿದ್ದೆ. ಇನ್ನು ಅದು ಯಾರ ಮನೆಗೂ ತಿರುಗುವುದಿಲ್ಲ. ಇವರ ಮೇಜಿನ ಮೇಲೆ ಹನ್ನೊಂದು ಜನ ಗೆದ್ದವರಲ್ಲಿ ಹತ್ತು ಜನ ಸಾಲಾಗಿ ಕೂತಿದ್ದರು. ಮೊದಲ ಜಾಗದಲ್ಲಿ ಕೊತ್ತಗೆರೆಯ ಒಂದು ರೂಪಾಯಿ ಇತ್ತು. ಅದರ ಮುಂದಿನ ಹಳೆಯ ಚೀಟಿಯಲ್ಲಿ ಇವರ ಗುಂಡು ಅಕ್ಷರ: ‘ಮಹಮ್ಮದ್ ಘೋರಿ. ಗೆದ್ದದ್ದು: ಅಜ್ಮೀರ, ದೆಹಲಿ, ಕನೌಜ್.’ ಅದರ ಕೆಳಗೆ ಹೊಸ ಇಂಕಿನಲ್ಲಿ ಒಂದು ಸಾಲು ಸೇರಿತ್ತು: ‘ಸೋತದ್ದು: ಕೊತ್ತಗೆರೆ.’

ಓದಿದವರೆಲ್ಲ ನಿಂತು ಕೇಳುತ್ತಿದ್ದರು. ಇವರು ಪ್ರತಿಯೊಬ್ಬರಿಗೂ ಸೊಪ್ಪು ಮಾರುವವಳಿಂದ ಶುರುಮಾಡಿ ಕಥೆ ಹೇಳುತ್ತಿದ್ದರು. ಜನ ಸ್ವಲ್ಪ ಕಡಿಮೆಯಾದಾಗ ನಾನು ಪಕ್ಕದ ಕುರ್ಚಿಯಲ್ಲಿ ಕೂತು, ತಲೆ ಮೇಲೆ ಕೂತರೆ ಕೂರಲಿ ಎಂದುಕೊಂಡು, ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದನ್ನು ಹೇಳಿದೆ.

“ರೀ, ಅವತ್ತು ಹಿತ್ತಲಲ್ಲಿ ನಾಣ್ಯ ಕೈ ಮೇಲಿಟ್ರಲ್ಲ, ಆಗ್ಲೇ ನೀವು ನಂಗೆ ಇಷ್ಟ ಆಗ್ಬಿಟ್ಟಿದ್ರಿ.”

ಇವರು ಅವತ್ತಿನ ಹಾಗೇ ಕರ್ಚೀಫು ತೆಗೆದು ಹಣೆಯ ಬೆವರು ಒರೆಸಿಕೊಂಡರು.